ಮಗುವನ್ನು ತಿದ್ದುವ ಮೊದಲು ಕೋಣೆಯನ್ನು ನೋಡಿ: ಆಟಿಸಂನಲ್ಲಿ ಕಣ್ಣು, ಮಿದುಳು ಮತ್ತು ನಾವು ಮಾಡಬಹುದಾದ ಕೆಲಸ

ಆಟದ ಕಾರು ಕೊಟ್ಟರೆ ಮಗು ಅದನ್ನು ಓಡಿಸುವುದಿಲ್ಲ, ತಲೆಕೆಳಗು ಮಾಡಿ ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಗೋಡೆಯ ಮೇಲಿನ ಚಿತ್ರ ಒಂಚೂರು ವಾಲಿದ್ದರೆ ಕೋಣೆಗೆ ಕಾಲಿಟ್ಟ ಕೂಡಲೇ ಅದಕ್ಕೆ ಗೊತ್ತಾಗುತ್ತದೆ. ದೊಡ್ಡ ಅಂಗಡಿಯೊಳಗೆ ಹೋದ ಸ್ವಲ್ಪ ಹೊತ್ತಿಗೇ ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಡುತ್ತದೆ. ಸುತ್ತಲಿನವರು ಹಟ ಅಂತಾರೆ, ಗಮನ ಇಲ್ಲ ಅಂತಾರೆ, ಮುದ್ದು ಜಾಸ್ತಿ ಆಯ್ತು ಅಂತಾರೆ. ಬಹಳ ಸಲ ಇದ್ಯಾವುದೂ ನಿಜವಲ್ಲ. ಕಣ್ಣು ಕಳಿಸಿದ್ದನ್ನು ಆ ಮಿದುಳು ಬೇರೆ ಲೆಕ್ಕದಲ್ಲಿ ಜೋಡಿಸುತ್ತಿದೆ.

ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವ ಸ್ಥಿತಿ. ಇದನ್ನು ಪೋಷಕರಿಗೆ, ಟೀಚರ್‌ಗಳಿಗೆ, ಆಟಿಸಂ ಇರುವ ದೊಡ್ಡವರಿಗೆ ಬರೆಯುತ್ತಿದ್ದೇನೆ. ನನ್ನ ವಾದ ಸರಳ. ವ್ಯಕ್ತಿಯನ್ನು ಬದಲಾಯಿಸಲು ಹೋಗುವ ಮೊದಲು ಅವರ ಕಣ್ಣೆದುರು ಏನಿದೆ ಅಂತ ನೋಡಿ, ಅದನ್ನು ಬದಲಾಯಿಸಿ. ಅದು ಅಗ್ಗ, ಬೇಗ ಆಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಕೆಳಗಿನ ಹೆಜ್ಜೆಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಮೊದಲ ಎರಡನ್ನು ಮಾತ್ರ ಹಾರಿಸಬೇಡಿ.

ಹೆಜ್ಜೆ 1: ಕಣ್ಣಿನ ಪರೀಕ್ಷೆ ಮಾಡಿಸಿ

ವ್ಯತ್ಯಾಸ ಮಿದುಳಿನಲ್ಲಿದೆ ಅಂದ ಮಾತ್ರಕ್ಕೆ ಕಣ್ಣು ಸರಿಯಾಗಿದೆ ಅಂತ ಅಂದುಕೊಳ್ಳುವ ಹಾಗಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಕನ್ನಡಕ ಬೇಕಾಗುವ ದೋಷ, ಮೆಳ್ಳೆಗಣ್ಣು ಎರಡೂ ಉಳಿದ ಮಕ್ಕಳಿಗಿಂತ ಜಾಸ್ತಿ. ಮಾತು ಕಡಿಮೆ ಇರುವ ಮಗು 'ಬೋರ್ಡ್ ಮಸುಕಾಗಿ ಕಾಣುತ್ತಿದೆ' ಅಂತ ಬಂದು ಹೇಳುವುದಿಲ್ಲ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ನೋಡುವುದು, ತಲೆ ಓರೆ ಮಾಡುವುದು, ಒಂದು ಕಣ್ಣು ಮುಚ್ಚಿ ನೋಡುವುದು, ಇದನ್ನೆಲ್ಲ ಆಟಿಸಂ ಖಾತೆಗೆ ಬರೆದು ಸುಮ್ಮನಾಗುವವರು ಬಹಳ ಮಂದಿ.

ಮಗುವಿಗೆ ಅಕ್ಷರ ಓದಲು ಬರಬೇಕು ಅಂತೇನಿಲ್ಲ. ಹನಿ ಹಾಕಿ, ಕಣ್ಣಿನೊಳಗೆ ಬೆಳಕು ಬಿಟ್ಟು, ಅದು ವಾಪಸ್ ಬರುವ ರೀತಿ ನೋಡಿ ಡಾಕ್ಟರ್ ಕನ್ನಡಕದ ನಂಬರ್ ಕಂಡುಹಿಡಿಯುತ್ತಾರೆ. ಕಷ್ಟ ಇರುವುದು ಪರೀಕ್ಷೆಯ ಸುತ್ತಲಿನ ಗಲಾಟೆಯಲ್ಲಿ: ಕಾಯುವ ಕೋಣೆ, ಕತ್ತಲೆ, ಮುಖದ ಹತ್ತಿರಕ್ಕೆ ಬರುವ ಅಪರಿಚಿತರು. ದಿನದ ಮೊದಲ ಸಮಯ ಕೇಳಿ. ಆ ಕುರ್ಚಿ, ಆ ಟಾರ್ಚ್, ಆ ಹನಿಯ ಫೋಟೋಗಳನ್ನು ಮನೆಯಲ್ಲೇ ಮೊದಲು ತೋರಿಸಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಹಾಗಾಗಿ ಅಂಚಿರುವ ಟೋಪಿ ಜೊತೆಗಿರಲಿ.

ಇಲ್ಲೇ ಒಂದು ಎಚ್ಚರಿಕೆ. ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ದುಬಾರಿ ಪ್ಯಾಕೇಜ್ ಮಾರುವವರು ಸಿಗುತ್ತಾರೆ. ಕಲಿಕೆಯ ತೊಂದರೆಗಳಿಗೆ ಇವು ಕೆಲಸ ಮಾಡುತ್ತವೆ ಅನ್ನಲು ಸರಿಯಾದ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಯಾರಿಗೋ ಒಂದು ಬಣ್ಣದ ಗಾಜಿನಿಂದ ಕಣ್ಣಿಗೆ ಹಿತ ಅನಿಸಿದರೆ ಹಾಕಿಕೊಳ್ಳಲಿ, ತಪ್ಪೇನಿಲ್ಲ. ಅದು ಆಟಿಸಂ ಅನ್ನು ಸರಿಮಾಡುತ್ತದೆ ಅಂದರೆ ನಂಬಬೇಡಿ.

ಹೆಜ್ಜೆ 2: ಒಂದು ವಾರ ಸುಮ್ನೆ ನೋಡಿ, ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಒಂದು ನೋಟ್‌ಬುಕ್ ಸಾಕು. ಮಗು ಕಣ್ಣು ಮುಚ್ಚಿಕೊಂಡಾಗ, ಓಡಿದಾಗ, ಕಿರುಚಿದಾಗ, ಅಥವಾ ತೀರಾ ಖುಷಿಯಾಗಿ ಒಂದೇ ವಸ್ತುವನ್ನು ನೋಡುತ್ತಾ ಕೂತಾಗ ಬರೆಯಿರಿ: ಎಲ್ಲಿದ್ದೆವು, ಬೆಳಕು ಯಾವುದು, ಎದುರಿಗೆ ಏನು ಅಲುಗಾಡುತ್ತಿತ್ತು, ಎಷ್ಟು ಜನರಿದ್ದರು, ಅದಕ್ಕೆ ಹತ್ತು ನಿಮಿಷ ಮೊದಲು ಏನಾಗಿತ್ತು. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸಿಡಿದದ್ದು ಈ ಕೋಣೆಯಲ್ಲಾದರೂ ತುಂಬುತ್ತಾ ಬಂದದ್ದು ಹಿಂದಿನ ಕೋಣೆಯಲ್ಲಿ ಇರಬಹುದು.

ತಪ್ಪಿಸಿಕೊಳ್ಳುವುದನ್ನು ಮಾತ್ರ ಬರೆಯಬೇಡಿ, ಹುಡುಕಿಕೊಂಡು ಹೋಗುವುದನ್ನೂ ಬರೆಯಿರಿ. ತಿರುಗುವ ಫ್ಯಾನ್, ಕಣ್ಣಿನ ಮೂಲೆಯಿಂದ ಸಾಲು ಕಂಬಿಗಳನ್ನು ನೋಡುವುದು, ಬೆಳಕಿನೆದುರು ಬೆರಳು ಆಡಿಸುವುದು. 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ, ಇಂದ್ರಿಯಗಳ ಅತಿ ಪ್ರತಿಕ್ರಿಯೆ, ಕಡಿಮೆ ಪ್ರತಿಕ್ರಿಯೆ, ವಿಶೇಷ ಆಸಕ್ತಿ ಮೂರನ್ನೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಒಂದೇ ಮಗುವಿನಲ್ಲಿ ಮೂರೂ ಇರಬಹುದು. ಬಿಸಿಲಿಗೆ ಕಣ್ಣು ಮುಚ್ಚುವ ಮಗುವೇ ಮಿನುಗುವ ನೀರನ್ನು ಗಂಟೆಗಟ್ಟಲೆ ನೋಡುತ್ತದೆ.

ಬರೆಯುವಾಗ ಒಂದು ವಿಷಯ ಬೇರೆಯಾಗಿ ಗುರುತಿಸಿ. ಆಡುತ್ತಿದ್ದ ಮಗು ತಟಕ್ಕನೆ ನಿಂತು, ಕೆಲವು ಸೆಕೆಂಡ್ ಖಾಲಿ ದಿಟ್ಟಿಸಿ, ಮುಟ್ಟಿದರೂ ಎಚ್ಚರವಾಗದೆ, ರೆಪ್ಪೆ ಅದುರಿಸಿ, ಆಮೇಲೆ ಏನೂ ಆಗದಂತೆ ಮುಂದುವರಿಸಿದರೆ ಅದನ್ನು 'ತನ್ನ ಲೋಕದಲ್ಲಿದೆ' ಅಂತ ಬಿಡಬೇಡಿ. ಆಟಿಸಂ ಇರುವವರಲ್ಲಿ ಅಪಸ್ಮಾರ, ಅಂದರೆ ಮೂರ್ಛೆ ರೋಗ, ಉಳಿದವರಿಗಿಂತ ಜಾಸ್ತಿ. ಫೋನ್‌ನಲ್ಲಿ ವಿಡಿಯೋ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ಹೆಜ್ಜೆ 3: ಒಳಗೆ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ

ಒಂದು ಕಾಗದದ ಮೇಲೆ ಚಿಕ್ಕ ಚಿಕ್ಕ 'ರ' ಅಕ್ಷರಗಳನ್ನೇ ಸಾಲಾಗಿ ಬರೆದು, ಅವೆಲ್ಲ ಸೇರಿ ದೊಡ್ಡದೊಂದು 'ಗ' ಆಗುವ ಹಾಗೆ ಮಾಡಿ. ಏನು ಕಾಣುತ್ತದೆ? ಬಹಳ ಮಂದಿಗೆ ಮೊದಲು 'ಗ', ಆಮೇಲೆ 'ರ'. ಮನೋವಿಜ್ಞಾನಿ ಡೇವಿಡ್ ನವೋನ್ 1977ರಲ್ಲಿ ಇಂಥ ಅಕ್ಷರಗಳನ್ನೇ ಬಳಸಿ, ಮಿದುಳು ಸಾಮಾನ್ಯವಾಗಿ ಕಾಡನ್ನು ಮೊದಲು, ಮರವನ್ನು ಆಮೇಲೆ ನೋಡುತ್ತದೆ ಅಂತ ತೋರಿಸಿದರು. ಆಟಿಸಂನಲ್ಲಿ ಈ ಒಲವು ಅಷ್ಟು ಬಲವಾಗಿರುವುದಿಲ್ಲ. ವಿವರ ತಾನಾಗಿಯೇ ಮುಂದೆ ಬರುತ್ತದೆ.

1983ರಲ್ಲಿ ಮನೋವಿಜ್ಞಾನಿಗಳಾದ ಅಮಿತಾ ಶಾ ಮತ್ತು ಊಟಾ ಫ್ರಿತ್, ದೊಡ್ಡ ಚಿತ್ರದೊಳಗೆ ಅಡಗಿರುವ ಆಕಾರ ಹುಡುಕುವ ಪರೀಕ್ಷೆಯಲ್ಲಿ ಆಟಿಸಂ ಇರುವ ಮಕ್ಕಳು ಚೆನ್ನಾಗಿ ಮಾಡುತ್ತಾರೆ ಅಂತ ಕಂಡುಕೊಂಡರು. ಆಟಿಸಂನಲ್ಲಿ ಮಿದುಳು ಬಿಡಿಗಳನ್ನು ಕೂಡಿಸಿ ಇಡಿಯನ್ನು ಮಾಡುವ ಕೆಲಸದಲ್ಲಿ ದುರ್ಬಲ ಅಂತ ಫ್ರಿತ್ ಮುಂದೆ ವಿವರಿಸಿದರು. ಕೆನಡಾದ ಲೋರಾಂ ಮೊಟ್ರಾನ್ ತಂಡ, ಅದರಲ್ಲಿ ಸ್ವತಃ ಆಟಿಸಂ ಇರುವ ಮಿಶೆಲ್ ಡಾಸನ್ ಕೂಡ ಇದ್ದರು, ಇದನ್ನು ತಿರುಗಿಸಿ ನೋಡಿತು: ಇಡಿಯನ್ನು ನೋಡಲು ಬರುವುದಿಲ್ಲ ಅಂತಲ್ಲ, ಬಿಡಿಗಳನ್ನು ಗ್ರಹಿಸುವ ಶಕ್ತಿಯೇ ಹೆಚ್ಚು. ನನಗೆ ಈ ಎರಡನೆಯದೇ ಒಪ್ಪಿಗೆ, ಯಾಕೆಂದರೆ 'ಒಟ್ಟಾಗಿ ಏನು ಕಾಣುತ್ತದೆ ಹೇಳು' ಅಂತ ನೇರವಾಗಿ ಕೇಳಿದರೆ ಬಹುತೇಕರು ಸರಿಯಾಗಿಯೇ ಹೇಳುತ್ತಾರೆ. ಕೇಳದಿದ್ದಾಗ ಕಣ್ಣು ಎಲ್ಲಿ ನಿಲ್ಲುತ್ತದೆ ಅನ್ನುವುದೇ ವ್ಯತ್ಯಾಸ.

ಇನ್ನೊಂದು ಯೋಚನೆ ದಿನನಿತ್ಯದ ಬದುಕಿಗೆ ಹೆಚ್ಚು ಹತ್ತಿರದ್ದು. ನಾವು ನೋಡುವುದರಲ್ಲಿ ದೊಡ್ಡ ಪಾಲು ಊಹೆ. ಮಿದುಳು ಹಳೇ ಅನುಭವದಿಂದ 'ಇಲ್ಲಿ ಹೀಗೇ ಇರುತ್ತದೆ' ಅಂತ ಮೊದಲೇ ಅಂದಾಜು ಹಾಕಿ, ಕಣ್ಣಿನಿಂದ ಬಂದದ್ದನ್ನು ಅದರ ಜೊತೆ ತಾಳೆ ನೋಡುತ್ತದೆ. 2012ರಲ್ಲಿ ಲಿಜ್ ಪೆಲಿಕಾನೊ ಮತ್ತು ಡೇವಿಡ್ ಬರ್, ಆಟಿಸಂನಲ್ಲಿ ಈ ಅಂದಾಜಿನ ತೂಕ ಕಡಿಮೆ ಇರಬಹುದು ಅಂದರು. ಅಂದರೆ ಕಣ್ಣಿಗೆ ಬಿದ್ದದ್ದು ಬಿದ್ದ ಹಾಗೇ, ಹಳೇ ಅನುಭವದ ಸೋಸುವಿಕೆ ಇಲ್ಲದೆ, ಪ್ರತಿ ಸಲ ಹೊಸದಾಗಿ ಒಳಗೆ ಬರುತ್ತದೆ. ಇದು ಇನ್ನೂ ಸಿದ್ಧಾಂತವೇ, ಚರ್ಚೆ ಮುಗಿದಿಲ್ಲ. ಆದರೆ ಕುರ್ಚಿ ಜಾಗ ಬದಲಾದರೆ ಯಾಕಷ್ಟು ತಳಮಳ, ಅದೇ ದಾರಿಯಲ್ಲೇ ಹೋಗಬೇಕು ಅಂತ ಯಾಕಷ್ಟು ಒತ್ತಾಯ ಅನ್ನುವುದಕ್ಕೆ ಇದರಲ್ಲಿ ಒಂದು ಉತ್ತರ ಸಿಗುತ್ತದೆ, ಅಲ್ವಾ?

ಮಿದುಳಿನ ಚಿತ್ರಣದಲ್ಲೂ ಗುರುತುಗಳಿವೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2012ರಲ್ಲಿ ನೋಡಿದಾಗ, ಚಿತ್ರಗಳ ಕೆಲಸ ಮಾಡುವಾಗ ಆಟಿಸಂ ಇರುವವರಲ್ಲಿ ತಲೆಯ ಹಿಂಭಾಗದ, ನೋಟಕ್ಕೆ ಸಂಬಂಧಿಸಿದ ಪ್ರದೇಶಗಳು ಹೆಚ್ಚು ಕೆಲಸ ಮಾಡುತ್ತಿದ್ದವು, ಮುಂಭಾಗದ ಪ್ರದೇಶಗಳು ಕಡಿಮೆ. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಮಿದುಳು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡುತ್ತಾ ಬದಲಾಯಿಸುತ್ತಿರುತ್ತದೆ. ಆಟಿಸಂನಲ್ಲಿ ಈ ಬದಲಾವಣೆ ನಿಧಾನ ಅಂತ ಕ್ಯಾರೊಲಿನ್ ರಾಬರ್ಟ್‌ಸನ್ ತಂಡ ತೋರಿಸಿ, ನರಗಳ ಚಟುವಟಿಕೆಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅದನ್ನು ಜೋಡಿಸಿತು. ಇಷ್ಟಾದರೂ ಮಿದುಳಿನ ಸ್ಕ್ಯಾನ್ ನೋಡಿ ಒಬ್ಬ ವ್ಯಕ್ತಿಗೆ ಆಟಿಸಂ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಹಾಗೆ ಹೇಳುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಳೆಯಬೇಡಿ.

ಆಟಿಸಂ ಇರುವವರದ್ದು 'ಹದ್ದಿನ ಕಣ್ಣು' ಅನ್ನುವ ಮಾತೂ ಆಗಾಗ ಕೇಳಿಬರುತ್ತದೆ. 2009ರಲ್ಲಿ ಹಾಗೊಂದು ಸಂಶೋಧನೆ ಬಂದದ್ದು ನಿಜ, ಆದರೆ ಅಳೆದ ವಿಧಾನದಲ್ಲೇ ದೋಷ ಇದೆ ಅಂತ ಬೇರೆಯವರು ಅದೇ ವರ್ಷ ತೋರಿಸಿದರು. ದೂರದ್ದು ಕಾಣುವ ಶಕ್ತಿ ಹೆಚ್ಚೇನಿಲ್ಲ. ಕಂಡದ್ದರಲ್ಲಿ ಯಾವುದಕ್ಕೆ ಮಹತ್ವ ಅನ್ನುವುದು ಬೇರೆ.

ಹೆಜ್ಜೆ 4: ಬೆಳಕಿನಿಂದ ಶುರು ಮಾಡಿ

ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕರೆಂಟಿನ ಆವರ್ತನದ ಎರಡರಷ್ಟು ವೇಗದಲ್ಲಿ ಮಿಣುಕುತ್ತದೆ. ಅಂದರೆ 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 100 ಸಲ, 60 ಇರುವಲ್ಲಿ 120 ಸಲ. ಬಹುತೇಕರಿಗೆ ಅದು ಕಾಣುವುದಿಲ್ಲ. ಕೆಲವರು ತಮಗೆ ಕಾಣುತ್ತದೆ ಅನ್ನುತ್ತಾರೆ, ಇನ್ನು ಕೆಲವರಿಗೆ ಕಾಣದಿದ್ದರೂ ತಲೆನೋವು, ಕಣ್ಣಿನ ಆಯಾಸ ಆಗುತ್ತದೆ. ಎಲೆಕ್ಟ್ರಾನಿಕ್ ಚೋಕ್‌ನಲ್ಲಿ ಈ ತೊಂದರೆ ಇಲ್ಲ. ಎಲ್ಇಡಿ ಅಂದ ತಕ್ಷಣ ನಿಶ್ಚಿಂತೆ ಬೇಡ, ಕಳಪೆ ಸರ್ಕ್ಯೂಟ್ ಇರುವವು ಕೂಡ ಮಿಣುಕುತ್ತವೆ, ಡಿಮ್ಮರ್ ಹಾಕಿದಾಗ ಇನ್ನೂ ಜಾಸ್ತಿ.

ಪತ್ತೆ ಮಾಡುವುದು ಸುಲಭ. ಫೋನ್ ಕ್ಯಾಮೆರಾದ ಸ್ಲೋ ಮೋಷನ್ ಆನ್ ಮಾಡಿ ದೀಪದ ಕಡೆ ಹಿಡಿಯಿರಿ. ವಿಡಿಯೋದಲ್ಲಿ ಬೆಳಕು ಏರಿಳಿಯುತ್ತಿದ್ದರೆ ಅಥವಾ ಕಪ್ಪು ಪಟ್ಟಿಗಳು ಹರಿದರೆ ಆ ದೀಪ ಮಿಣುಕುತ್ತಿದೆ. ಮಗು ಜಾಸ್ತಿ ಹೊತ್ತು ಕೂರುವ ಜಾಗದ ದೀಪವನ್ನು ಮೊದಲು ಬದಲಾಯಿಸಿ, ಇಡೀ ಮನೆಯದ್ದು ಆಮೇಲೆ.

ತರಗತಿಯಲ್ಲಾದರೆ ಕಿಟಕಿ ಪಕ್ಕದ ಸಾಲಿನ ದೀಪ ಆರಿಸಿ, ಹಗಲಿನ ಬೆಳಕಲ್ಲೇ ನಡೆಯುತ್ತದೆಯಾ ನೋಡಿ. ಮಗುವಿನ ಮುಖ ಕಿಟಕಿಯ ಕಡೆ ಇರುವುದಕ್ಕಿಂತ ಕಿಟಕಿ ಪಕ್ಕಕ್ಕೆ ಬರುವ ಹಾಗೆ ಕೂರಿಸಿ. ಹೊಳೆಯುವ ಮೇಜು, ಲ್ಯಾಮಿನೇಟ್ ಮಾಡಿದ ಹಾಳೆ, ಹೊಳಪಿನ ನೆಲ, ಇವೆಲ್ಲ ಬೆಳಕನ್ನು ಕಣ್ಣಿಗೆ ವಾಪಸ್ ಎಸೆಯುತ್ತವೆ. ಬಿಸಿಲಿಗೆ ಕಪ್ಪು ಕನ್ನಡಕ ಸರಿ. ಮನೆಯೊಳಗೆ ದಿನವಿಡೀ ಬೇಡ, ಕಣ್ಣು ಕತ್ತಲೆಗೆ ಒಗ್ಗಿಕೊಂಡು ಮಾಮೂಲಿ ಬೆಳಕೂ ಚುಚ್ಚಲು ಶುರುವಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೆಲವು ದಿನ ನೋಡಿ, ಎರಡನೇ ಹೆಜ್ಜೆಯ ನೋಟ್‌ಬುಕ್ ಜೊತೆ ಹೋಲಿಸಿ. ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿದರೆ ಯಾವುದರಿಂದ ಉಪಯೋಗ ಆಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಊಹೆಗೆ ಸಿಗದ ಮನೆಯನ್ನು ನೀವೇ ಮಾಡಿಟ್ಟ ಹಾಗಾಗುತ್ತದೆ.

ಹೆಜ್ಜೆ 5: ಗೋಡೆ, ಮೇಜು, ಹಾಳೆ

ಆನಾ ರೆಮಿಂಗ್ಟನ್ ಮಾಡಿದ ಪ್ರಯೋಗಗಳ ಪ್ರಕಾರ ಆಟಿಸಂ ಇರುವವರು ಒಂದೇ ಹೊತ್ತಿಗೆ ಹೆಚ್ಚು ದೃಶ್ಯ ಮಾಹಿತಿಯನ್ನು ಒಳಗೆ ತೆಗೆದುಕೊಳ್ಳಬಲ್ಲರು. ಕೇಳಲು ವರದಾನ ಅನಿಸುತ್ತದೆ, ಎಷ್ಟೋ ಕೆಲಸದಲ್ಲಿ ಹೌದು ಕೂಡ. ಆದರೆ ಕೆಲಸ ಹಗುರವಾಗಿದ್ದರೆ ಉಳಿದ ಜಾಗಕ್ಕೆ ಬೇಡದ್ದೂ ನುಗ್ಗುತ್ತದೆ: ಪೋಸ್ಟರ್, ನೇತಾಡುವ ಬಣ್ಣದ ಕಾಗದ, ಟೀಚರ್ ಬಟ್ಟೆಯ ಗೆರೆ, ಬಾಗಿಲಾಚೆ ಹೋದ ನೆರಳು. 'ಗಮನ ಕೊಡು' ಅಂತ ಬೈದರೆ ಏನು ಪ್ರಯೋಜನ, ಗಮನ ಎಲ್ಲದಕ್ಕೂ ಹೋಗುತ್ತಿರುವುದೇ ತೊಂದರೆ. ಅಲಂಕಾರ ತುಂಬಿದ ತರಗತಿಯಲ್ಲಿ ಪುಟ್ಟ ಮಕ್ಕಳು ಕಡಿಮೆ ಕಲಿಯುತ್ತಾರೆ ಅಂತ 2014ರಲ್ಲಿ ಆನಾ ಫಿಶರ್ ತಂಡ ತೋರಿಸಿತು, ಅದೂ ಸಾಮಾನ್ಯ ಕಿಂಡರ್‌ಗಾರ್ಟನ್ ಮಕ್ಕಳ ಮೇಲೆ.

ಹಾಗಂತ ಗೋಡೆಯನ್ನೆಲ್ಲ ಬೋಳು ಮಾಡಬೇಡಿ. ಮಗು ಕೂತಾಗ ಎದುರಿಗೆ ಬರುವ ಒಂದು ಗೋಡೆ ಖಾಲಿ ಇದ್ದರೆ ಸಾಕು, ಚಿತ್ರಗಳು ಬೆನ್ನಿನ ಹಿಂದೆ ಹೋಗಲಿ. ತೆರೆದ ಕಪಾಟಿಗೆ ಒಂದೇ ಬಣ್ಣದ ಬಟ್ಟೆ ಇಳಿಬಿಡಿ. ಹಾಳೆಯಲ್ಲಿ ಹತ್ತು ಲೆಕ್ಕ ಇದ್ದರೆ, ರಟ್ಟಿನಲ್ಲಿ ಒಂದು ಕಿಂಡಿ ಕತ್ತರಿಸಿ ಅದರೊಳಗೆ ಒಂದೇ ಲೆಕ್ಕ ಕಾಣುವ ಹಾಗೆ ಇಡಿ. ಅಂಚಿನಲ್ಲಿ ಚಂದಕ್ಕೆ ಹಾಕಿರುವ ಹೂವು, ಕರಡಿ, ನಕ್ಷತ್ರಗಳನ್ನು ತೆಗೆದು ಮುದ್ರಿಸಿ. ಮಗುವಿಗೆ ತೀರಾ ಇಷ್ಟದ ವಸ್ತುವನ್ನು ಮಾತ್ರ ಕೇಳದೆ ಎತ್ತಬೇಡಿ. ಅದು ಅದರ ಲಂಗರು.

ಹೆಜ್ಜೆ 6: ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನುವುದನ್ನು ನಿಲ್ಲಿಸಿ

ಈ ವಿಷಯದಲ್ಲಿ ನನಗೆ ಸಂಕೋಚವೇ ಇಲ್ಲ. ಗದ್ದ ಹಿಡಿದು ಮುಖ ತಿರುಗಿಸುವುದು, 'ನನ್ನನ್ನು ನೋಡಿ ಮಾತಾಡು' ಅಂತ ಬಹುಮಾನ ಕೊಟ್ಟು ಕಲಿಸುವುದು, ಎರಡನ್ನೂ ಬಿಡಿ.

2002ರಲ್ಲಿ ಆಮಿ ಕ್ಲಿನ್ ತಂಡ, ಸಿನಿಮಾ ನೋಡುವಾಗ ಆಟಿಸಂ ಇರುವವರ ನೋಟ ಎಲ್ಲಿ ನಿಲ್ಲುತ್ತದೆ ಅಂತ ಅಳೆಯಿತು. ಕಣ್ಣುಗಳ ಮೇಲೆ ಕಡಿಮೆ, ಬಾಯಿ ಮತ್ತು ವಸ್ತುಗಳ ಮೇಲೆ ಹೆಚ್ಚು. ಅವರಿಗೆ ಮುಖದಲ್ಲಿ ಆಸಕ್ತಿಯೇ ಇಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. 2017ರಲ್ಲಿ ನೂಷಿನ್ ಹಾಜಿಖಾನಿ ತಂಡ, ಮುಖದ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿದಾಗ ಮಿದುಳಿನ ಆಳದ, ಭಯ ಮತ್ತು ಎಚ್ಚರಕ್ಕೆ ಸಂಬಂಧಿಸಿದ ಭಾಗಗಳು ವಿಪರೀತ ಕೆರಳುತ್ತವೆ ಅಂತ ಕಂಡಿತು. ಅಂದರೆ ಕಣ್ಣು ತಪ್ಪಿಸುವುದು ಅಸಡ್ಡೆಯಿಂದ ಅಲ್ಲದೇ ಇರಬಹುದು, ಆ ಒತ್ತಡ ತಗ್ಗಿಸಿಕೊಳ್ಳುವ ದಾರಿ ಇರಬಹುದು. 'ನೋಡಿದರೆ ಕೇಳಿಸುವುದಿಲ್ಲ, ಕೇಳಬೇಕಾದರೆ ನೋಡಲಾಗುವುದಿಲ್ಲ' ಅಂತ ಆಟಿಸಂ ಇರುವ ದೊಡ್ಡವರು ಹೇಳುವುದು ಸಾಮಾನ್ಯ.

ಎದುರು ಕೂರುವ ಬದಲು ಪಕ್ಕದಲ್ಲಿ ಕೂತು ಮಾತಾಡಿ. ಮಧ್ಯೆ ಒಂದು ವಸ್ತು ಇರಲಿ, ಇಬ್ಬರೂ ಅದನ್ನೇ ನೋಡುವ ಹಾಗೆ. ಕೇಳಿಸಿಕೊಂಡಿತಾ ಅಂತ ತಿಳಿಯಲು ಕಣ್ಣನ್ನು ನೋಡಬೇಡಿ, ಉತ್ತರ ನೋಡಿ.

ಮುಖ ಗುರುತಿಸುವ ಕಷ್ಟವೂ ಇವರಲ್ಲಿ ಅಪರೂಪವಲ್ಲ. ಕೆಲವರು ಕೂದಲು, ಕನ್ನಡಕ, ನಡಿಗೆ, ದನಿ ನೋಡಿ ಜನರನ್ನು ಗುರುತಿಸುತ್ತಾರೆ. ಕ್ಷೌರ ಮಾಡಿಸಿಕೊಂಡು ಬಂದ ಅಪ್ಪನನ್ನು ಕಂಡು ಮಗು ಹಿಂದೆ ಸರಿದರೆ ಬೇಜಾರು ಮಾಡಿಕೊಳ್ಳಬೇಡಿ. ಮಾತಾಡುತ್ತಾ ಒಳಗೆ ಬನ್ನಿ, ಹೆಸರು ಹೇಳಿ. ಶಾಲೆಯಲ್ಲಿ ಯೂನಿಫಾರ್ಮ್ ಹಾಕಿ ಎಲ್ಲರೂ ಒಂದೇ ತರ ಕಾಣುವಾಗ ಇದು ಇನ್ನೂ ಕಷ್ಟ.

ಹೆಜ್ಜೆ 7: ಚಲನೆ ಇರುವ ಕಡೆ ಜಾಗ್ರತೆ

ಚಲನೆಯ ವಿಷಯದಲ್ಲಿ ಫಲಿತಾಂಶಗಳು ಒಂದೇ ತರ ಇಲ್ಲ. ಕೆಲವು ಸರಳ ಪರೀಕ್ಷೆಗಳಲ್ಲಿ ಆಟಿಸಂ ಇರುವ ಮಕ್ಕಳು ಉಳಿದವರಿಗಿಂತ ಬೇಗ ಚಲನೆಯ ದಿಕ್ಕು ಹೇಳಿದ್ದಾರೆ. ಕತ್ತಲಲ್ಲಿ ಕೀಲುಗಳ ಜಾಗದಲ್ಲಿ ಚುಕ್ಕೆ ಬೆಳಕು ಮಾತ್ರ ತೋರಿಸಿ 'ಇದು ನಡೆಯುತ್ತಿರುವ ಮನುಷ್ಯನಾ' ಅಂತ ಕೇಳುವ ಪರೀಕ್ಷೆಗಳಲ್ಲಿ ಕಷ್ಟಪಟ್ಟಿದ್ದಾರೆ. ಹಲವು ದಿಕ್ಕಿನಿಂದ ಒಟ್ಟಿಗೆ ಬರುವ ಚಲನೆಯನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದು ಭಾರ ಅನ್ನುವುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ.

ರಸ್ತೆ ದಾಟುವಾಗ 'ಗಾಡಿ ದೂರ ಇದೆಯಾ ನೋಡಿಕೊಂಡು ದಾಟು' ಅನ್ನುವುದಕ್ಕಿಂತ 'ಗಾಡಿ ಪೂರ್ತಿ ನಿಂತ ಮೇಲೆ ದಾಟು' ಅನ್ನುವ ನಿಯಮ ಸುರಕ್ಷಿತ. ಎಲ್ಲ ಮೆಟ್ಟಿಲೂ ಒಂದೇ ಬಣ್ಣ ಇದ್ದರೆ ಅಂಚಿಗೆ ಬೇರೆ ಬಣ್ಣದ ಟೇಪ್ ಅಂಟಿಸಿ. ಎಸ್ಕಲೇಟರ್‌ಗೆ ಬಲವಂತ ಬೇಡ, ಲಿಫ್ಟ್ ಇದ್ದೇ ಇರುತ್ತದೆ. ಮಾತು ಕೇಳುತ್ತಾ ತುಟಿಯ ಚಲನೆ ನೋಡುವುದೂ ಜೋಡಿಸುವ ಕೆಲಸವೇ, ಅದಕ್ಕೆ ಮಧ್ಯೆ ಮಧ್ಯೆ ಬಿಡುವು ಕೊಟ್ಟು ನಿಧಾನವಾಗಿ ಮಾತಾಡಿ.

ಹೆಜ್ಜೆ 8: ಹೇಳುವುದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ

ಮಾತು ಹೇಳಿದ ಕೂಡಲೇ ಮಾಯವಾಗುತ್ತದೆ. ಚಿತ್ರ ಅಲ್ಲೇ ಇರುತ್ತದೆ, ಬೇಕಾದಾಗ ತಿರುಗಿ ನೋಡಬಹುದು. ಎರಿಕ್ ಶಾಪ್ಲರ್ 1970ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಶುರು ಮಾಡಿದ, ಆಟಿಸಂ ಇರುವವರಿಗೆ ಕಲಿಸುವ ಟೀಚ್ ಕಾರ್ಯಕ್ರಮ, 1985ರಲ್ಲಿ ರೂಪುಗೊಂಡ, ಬೇಕಾದ್ದರ ಚಿತ್ರ ಕೊಟ್ಟು ಕೇಳುವ ಪೆಕ್ಸ್ ಎಂಬ ಚಿತ್ರ ವಿನಿಮಯ ಪದ್ಧತಿ, ಎರಡೂ ಈ ತಿಳಿವಳಿಕೆಯನ್ನೇ ಬಳಸಿಕೊಂಡವು.

ದಿನದ ಕೆಲಸಗಳನ್ನು ಮೇಲಿಂದ ಕೆಳಗೆ ಚಿತ್ರಗಳಾಗಿ ಅಂಟಿಸಿ, ಮುಗಿದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಲಿ. ಚಿತ್ರವೇ ಅರ್ಥವಾಗದ ಮಗುವಿಗೆ ವಸ್ತುವನ್ನೇ ಇಡಿ: ಸ್ನಾನಕ್ಕೆ ಟವೆಲ್, ಹೊರಗೆ ಹೋಗಲು ಚಪ್ಪಲಿ. ಆಮೇಲೆ ಫೋಟೋ, ಆಮೇಲೆ ರೇಖಾಚಿತ್ರ, ಕೊನೆಗೆ ಬರೆದ ಪದ. ಫೋಟೋ ತೆಗೆಯುವಾಗ ಹಿನ್ನೆಲೆ ಖಾಲಿ ಇರಲಿ, ಯಾಕೆಂದರೆ ನೀವು ಲೋಟ ತೋರಿಸಿದ್ದೀರಿ ಅಂದುಕೊಂಡಿರುತ್ತೀರಿ, ಮಗು ಅದರ ಹಿಂದಿನ ಕೆಂಪು ಗುಂಡಿಯನ್ನೇ 'ಇದು' ಅಂತ ಹಿಡಿದಿರಬಹುದು. ಒಂದೇ ವಸ್ತುವಿನ ಎರಡು ಮೂರು ಬೇರೆ ಬೇರೆ ಫೋಟೋ ಬಳಸಿದರೆ ಈ ಗೊಂದಲ ಕಡಿಮೆ. ಇವತ್ತು ಏನಾದರೂ ಬದಲಾಗುತ್ತದೆ ಅಂತಿದ್ದರೆ ಅದಕ್ಕೂ ಒಂದು ಕಾರ್ಡ್ ಇಡಿ, ಸುಮ್ನೆ ಮರೆಮಾಚಬೇಡಿ.

ಎಲ್ಲರಿಗೂ ಚಿತ್ರವೇ ಸರಿ ಅಂತಲೂ ಇಲ್ಲ. ಆಟಿಸಂ ಇರುವ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ತಾವು ಚಿತ್ರಗಳಲ್ಲೇ ಯೋಚಿಸುವುದಾಗಿ ಹೇಳಿ ಹೆಸರಾದವರು, ಎಲ್ಲ ಆಟಿಸ್ಟಿಕ್ ಜನರೂ ಹಾಗೇ ಅಂತ ಮೊದಲು ನಂಬಿದ್ದರು, ಮುಂದೆ ಆ ಅಭಿಪ್ರಾಯ ಬದಲಾಯಿಸಿಕೊಂಡರು. ಪದಗಳಲ್ಲಿ, ವಿನ್ಯಾಸಗಳಲ್ಲಿ ಯೋಚಿಸುವವರೂ ಇದ್ದಾರೆ. ಓದಲು ಬರುವ ಮಗುವಿಗೆ ಬರೆದ ಪಟ್ಟಿಯೇ ಹೆಚ್ಚು ಇಷ್ಟವಾಗಬಹುದು, ಚಿತ್ರ ಕೊಟ್ಟರೆ ಅವಮಾನ ಅನಿಸಲೂಬಹುದು.

ಹೆಜ್ಜೆ 9: ಒಂದು ಪುಟದ ಚೀಟಿ ಬರೆಯಿರಿ

ಇಷ್ಟೆಲ್ಲ ಮನೆಯಲ್ಲಿ ಕಂಡುಕೊಂಡದ್ದು ಶಾಲೆಗೆ, ಕೆಲಸದ ಜಾಗಕ್ಕೆ, ಆಸ್ಪತ್ರೆಗೆ ತಲುಪಬೇಕು. ಉದ್ದನೆ ರಿಪೋರ್ಟ್ ಯಾರೂ ಓದುವುದಿಲ್ಲ. ಚೀಟಿ ಹೀಗಿರಲಿ:

'ಟ್ಯೂಬ್‌ಲೈಟ್ ಕೆಳಗೆ ಕೂರಿಸಬೇಡಿ, ಕಿಟಕಿ ಎಡಕ್ಕಿರಲಿ. ಕಣ್ಣು ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಒಂದು ಸಲಕ್ಕೆ ಒಂದು ಸೂಚನೆ, ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಕೈಯಿಂದ ಕಣ್ಣು ಮುಚ್ಚಿಕೊಂಡರೆ ಸಾಕಾಗಿದೆ ಅಂತ ಅರ್ಥ, ಐದು ನಿಮಿಷ ಹೊರಗೆ ಕಳಿಸಿ, ಮಾತಾಡಿಸಬೇಡಿ. ತಪ್ಪು ಹುಡುಕುವುದು, ಜೋಡಿಸುವುದು, ವಿಂಗಡಿಸುವುದು ಇವಳಿಗೆ ಇಷ್ಟ, ಅಂಥ ಕೆಲಸ ಕೊಡಿ.'

ಆ ಕೊನೆಯ ಸಾಲನ್ನು ಬಿಡಬೇಡಿ. ಕಷ್ಟಗಳ ಪಟ್ಟಿ ಮಾತ್ರ ಓದಿದ ಟೀಚರ್ ಮಗುವನ್ನು ಕಷ್ಟವಾಗಿಯೇ ನೋಡುತ್ತಾರೆ. ಮಗು ಬೆಳೆದಂತೆ ಇಷ್ಟಾನಿಷ್ಟ ಬದಲಾಗುತ್ತದೆ, ಹೊಸ ತರಗತಿ ಶುರುವಾದಾಗಲೆಲ್ಲ ಚೀಟಿಯನ್ನು ಹೊಸದಾಗಿ ಬರೆಯಿರಿ. ಬರೆಯುವ ಅಥವಾ ಟೈಪ್ ಮಾಡುವ ವಯಸ್ಸಾಗಿದ್ದರೆ ನಿಮ್ಮ ಕರಡನ್ನು ಮಗುವಿನ ಕೈಗೇ ಕೊಡಿ. ಮಗು ಹೊಡೆದುಹಾಕುವ ಸಾಲುಗಳನ್ನು ವಾಪಸ್ ಸೇರಿಸಬೇಡಿ.